ಹದಿನೆಂಟರಿಂದ ಮುನ್ನೂರರವರೆಗೆ

ಸಂಕರ್ಷಣ ಬೆಳಗಿನಿಂದಲೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದ. ಚಾಮರಾಜಪೇಟೆಯ ಹಳೇ ಛತ್ರದಲ್ಲಿ ಅಕ್ಕನ ಮಗ ಆಕರ್ಷನ ಮುಂಜಿ. ಫೋಟೋ ತೆಗೆಯುವ ಹೊಣೆಯನ್ನು ಅವನೇ ಮೈಮೇಲೆ ಎಳೆದುಕೊಂಡಿದ್ದ. "ಫೋಟೋಗ್ರಾಫರ್ ಎಲ್ಲಾ ಯಾಕಕ್ಕ, ನಾನಿದೀನಲ್ಲ!" ಎಂದು ಎದೆ ತಟ್ಟಿಕೊಂಡಿದ್ದು ನೆಂಟರಿಷ್ಟರಿಗೆಲ್ಲ ಗೊತ್ತು.

ಆ ಧೈರ್ಯ ಬಂದದ್ದು ಹೊಸ ಲೆನ್ಸಿನಿಂದ. ಹದಿನೆಂಟರಿಂದ ಮುನ್ನೂರು ಮಿಲಿಮೀಟರ್‌ವರೆಗೆ ಎಳೆಯಬಹುದಾದ ಝೂಮ್. ಇಡೀ ಛತ್ರವನ್ನೂ ಹಿಡಿಯುತ್ತದೆ, ಮೂಲೆಯಲ್ಲಿ ಕೂತ ಅಜ್ಜಿಯ ಮೂಗುಬೊಟ್ಟನ್ನೂ ಹಿಡಿಯುತ್ತದೆ. ಇದೊಂದಿದ್ದರೆ ಸಾಕು ಅಂತ ಹಳೇ ಲೆನ್ಸುಗಳನ್ನೆಲ್ಲ ಮಾರಿಬಿಟ್ಟಿದ್ದ. ಅವುಗಳ ಜೊತೆ ಮಂದ ಬೆಳಕಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತಿದ್ದ ಗಿಡ್ಡ ಲೆನ್ಸೂ ಹೋಯಿತು. ಬ್ಯಾಂಕಿನಲ್ಲಿ ಒಂದು ಸಹಿಗೆ ಮೂರು ಸಲ ಕನ್ನಡಕ ಏರಿಸಿ ನೋಡುವ ಮನುಷ್ಯ ಈ ವಿಷಯದಲ್ಲಿ ಒಂದು ಸಲವೂ ಯೋಚಿಸಲಿಲ್ಲ.

ಅಕ್ಕನ ಅತ್ತೆ ಅಂಬುಜಮ್ಮನವರ ಮಡಿಯೂ ಒಂದು ಕಾರಣವೆನ್ನಿ. ಅವರಿರುವ ಕಡೆ ಮಂಟಪದ ಹತ್ತಿರ ಮೈಲಿಗೆಯವರು ಸುಳಿಯುವ ಹಾಗಿಲ್ಲ. ಹತ್ತು ಮಾರು ದೂರ ನಿಂತು ಹತ್ತಿರದ ಚಿತ್ರ ತೆಗೆಯುವ ಈ ಲೆನ್ಸನ್ನು ನಮ್ಮಂಥ ಮಾಧ್ವರಿಗೆಂದೇ ಮಾಡಿದ್ದಾರೆ ಎಂದು ನಗಾಡಿದ್ದ.

ಈಗ ನಗು ಬರುತ್ತಿರಲಿಲ್ಲ. ಹುಡುಗ ತಾಯಿಯ ಜೊತೆ ಉಣ್ಣುವ ಮಾತೃಭೋಜನದ ಫೋಟೋಗಳನ್ನು ಕಂಬದ ಮರೆಯಲ್ಲಿ ನಿಂತು ನೋಡಿದ. ದೂರದಿಂದ ಎಳೆದು ತೆಗೆದ ಆಕರ್ಷನ ಮುಖ ಅಲುಗಿ ಕಲಸಿಹೋಗಿತ್ತು. ಮಂದ ಬೆಳಕಿಗೆಂದು ಐಎಸ್‌ಒ ಏರಿಸಿದರೆ ಮುಖದ ತುಂಬ ರವೆ ಚೆಲ್ಲಿದ ಹಾಗೆ. ಫ್ಲ್ಯಾಷ್ ಎತ್ತಿದರೆ ಉದ್ದನೆಯ ಲೆನ್ಸಿನ ನೆರಳೇ ಚಿತ್ರದ ಕೆಳಗೆ ಅರ್ಧಚಂದ್ರವಾಗಿ ಕೂತಿತ್ತು. ಉದ್ದ ಎಳೆದಷ್ಟೂ ಒಳಗೆ ಬರುವ ಬೆಳಕು ಕಡಿಮೆ, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಲಾಲ್‌ಬಾಗಿನ ಬಿಸಿಲಿನಲ್ಲಿ ಹಕ್ಕಿ ತೆಗೆಯುವವನಿಗೆ ಅದರ ಬಿಸಿ ತಟ್ಟಿರಲಿಲ್ಲ.

ಉಳಿದ ಫೋಟೋ ಹಾಳಾಗಿಹೋಗಲಿ, ಒಂದು ಮಾತ್ರ ಬೇಕೇಬೇಕಿತ್ತು. ಭಾವ ಪ್ರಹ್ಲಾದನ ಗಂಟಲಲ್ಲಿ ಗಡ್ಡೆ. ಮುಂದಿನ ಗುರುವಾರ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಷ್ಟರೊಳಗೆ ಮಗನ ಕಿವಿಯಲ್ಲಿ ತನ್ನ ಬಾಯಿಂದಲೇ ಗಾಯತ್ರಿ ಹೇಳಬೇಕೆಂದು ಅವಸರವಾಗಿ ಇಟ್ಟುಕೊಂಡ ಮುಂಜಿ ಇದು. "ಇವರು ಮಂತ್ರ ಹೇಳ್ತಿರೋದು ಒಂದು ಫೋಟೋ ಸಾಕು ಕಣೋ, ಬೇರೆ ಏನೂ ಬೇಡ," ಎಂದಿದ್ದಳು ಅಕ್ಕ ಆರಾಧನಾ. ಆ ಉಪದೇಶವೋ, ತಲೆಯ ಮೇಲೆ ಪಟ್ಟೆವಸ್ತ್ರ ಹೊದಿಸಿ ಅದರ ಕತ್ತಲಲ್ಲಿ ನಡೆಯುವಂಥದ್ದು. ಇಲ್ಲಿಂದ ಎಳೆದರೆ ಬರುವುದು ಬರೀ ಕಪ್ಪು. ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಉಳಿದಿತ್ತು.

ಒಂದೇ ದಾರಿ. ಲೆನ್ಸನ್ನು ಹದಿನೆಂಟಕ್ಕೆ ಇಳಿಸಿದರೆ ಅದು ಸ್ವಲ್ಪ ಜಾಸ್ತಿ ಬೆಳಕು ಕುಡಿಯುತ್ತದೆ. ಆದರೆ ಆಗ ಮೊಳದಷ್ಟು ಹತ್ತಿರ ಹೋಗಬೇಕು. ಪುರೋಹಿತರನ್ನು ಕೇಳಿದ.

"ಸೋದರಮಾವ ತಾನೆ, ಮಡೀಲಿ ಬಂದ್ರೆ ಅಡ್ಡಿಯಿಲ್ಲ. ಆದ್ರೆ ಆ ಫ್ಲ್ಯಾಷು ಗೀಷು ಬೇಡ," ಎಂದರು.

ಬಚ್ಚಲಿಗೆ ಓಡಿ ಎರಡು ಬಕೆಟ್ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದ. ಕೈ ಒರೆಸಲು ಮಡಿಬಟ್ಟೆ ಸಿಗದೆ ಗಾಳಿಯಲ್ಲಿ ಆಡಿಸಿ ಒಣಗಿಸಿಕೊಂಡ. ಕ್ಯಾಮೆರಾದ ಪಟ್ಟಿ ಚರ್ಮದ್ದು, ಅದನ್ನು ಬಿಚ್ಚಿ ಎಸೆದ. ಮಂಟಪದ ಮೆಟ್ಟಿಲ ಹತ್ತಿರ ಅಂಬುಜಮ್ಮ ಅಡ್ಡ ನಿಂತರು.

"ನೀನೇನೋ ಸ್ನಾನ ಮಾಡ್ದೆ. ಅದಕ್ಕೆ?" ಎಂದು ಕ್ಯಾಮೆರಾದ ಕಡೆ ಬೆರಳು ತೋರಿಸಿದರು.

"ಅದಕ್ಕೆ ನೀರು ಬಿದ್ರೆ ಸತ್ತೇ ಹೋಗತ್ತೆ ಅತ್ತೆ," ಎಂದ. ಅವನ ದನಿಯಲ್ಲಿ ಅಳುವೇ ಇತ್ತು. ಒಳಗೆ ಆಗಲೇ ಹೊದಿಸಲು ಪಟ್ಟೆವಸ್ತ್ರದ ಮಡಿಕೆ ಬಿಚ್ಚುತ್ತಿದ್ದರು.

ಮುದುಕಿ ಮಗ ಪ್ರಹ್ಲಾದನ ಕಡೆ ಒಮ್ಮೆ ನೋಡಿದರು. ತಟ್ಟೆಯಿಂದ ಒಂದು ತುಳಸೀದಳ ತೆಗೆದು ಕ್ಯಾಮೆರಾದ ನೆತ್ತಿಯ ಮೇಲಿಟ್ಟರು. "ಆಯ್ತು, ಹೋಗು. ಬೇಗ ಹೋಗೋ!"

ಪುರೋಹಿತರು ವಸ್ತ್ರದ ಅಂಚನ್ನು ಗೇಣಷ್ಟು ಎತ್ತಿದರು. ಸಂಕರ್ಷಣ ಮಂಡಿಯೂರಿ ಒಳಗೆ ತಲೆ ಹಾಕಿದ. ಅಪ್ಪ, ಅಮ್ಮ, ಮಗ, ಮೂವರ ಉಸಿರೂ ಅಲ್ಲಿ ಬೆಚ್ಚಗಿತ್ತು. ಲೆನ್ಸು ಕತ್ತಲಲ್ಲಿ ಮುಂದಕ್ಕೂ ಹಿಂದಕ್ಕೂ ತಡಕಾಡಿ, ಅಂತೂ ಭಾವನ ತುಟಿಯ ಮೇಲೆ ನಿಂತಿತು. ದೇವರೇ, ಸಿಕ್ಕಿತು. ಇನ್ನು ಒತ್ತುವುದೊಂದೇ ಬಾಕಿ.

ಪ್ರಹ್ಲಾದ ಹೇಳತೊಡಗಿದ. ದನಿಯೆಂದರೆ ದನಿಯಲ್ಲ, ಹರಿದ ಉಸಿರು. ಆಕರ್ಷ ಕಣ್ಣು ಬಿಗಿಯಾಗಿ ಮುಚ್ಚಿ, ಅಪ್ಪನ ಬಾಯಿಗೆ ಕಿವಿ ಒತ್ತಿ ಒಂದೊಂದೇ ಅಕ್ಷರ ಹೆಕ್ಕಿಕೊಳ್ಳುತ್ತಿದ್ದ. ಸಂಕರ್ಷಣನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಈ ಕ್ಯಾಮೆರಾ ಸದ್ದಿಲ್ಲದೆ ಕೆಲಸ ಮಾಡುವುದಲ್ಲ, ಟಪ್ಪೆಂದು ಬಡಿಯುತ್ತದೆ. ಒತ್ತಿದರೆ ಒಂದು ಅಕ್ಷರ ಹುಡುಗನಿಗೆ ಕೇಳದೆ ಹೋಗಬಹುದು. ಒತ್ತದಿದ್ದರೆ ಅಕ್ಕನಿಗೆ ಏನು ಹೇಳುವುದು? ಮಂತ್ರ ಮುಗಿಯಿತು. ಅವನು ಒತ್ತಲಿಲ್ಲ.

ಹುಡುಗ ಕಣ್ಣು ತೆರೆದು, ತಾನು ಕೇಳಿದ್ದನ್ನು ಮೆಲ್ಲಗೆ ಅಪ್ಪನಿಗೆ ತಿರುಗಿ ಹೇಳತೊಡಗಿದ. ಆಗ ಒತ್ತಿದ, ಒಂದೇ ಒಂದು ಸಲ.

ವಸ್ತ್ರ ಸರಿಸಿದ ಕೂಡಲೇ ಆರಾಧನಾ ಕ್ಯಾಮೆರಾಗೆ ಕೈಚಾಚಿದಳು. ಚಿತ್ರ ಸ್ಪಷ್ಟವಾಗಿಯೇ ಬಂದಿತ್ತು. ಅವಳ ಮುಖ ಮಾತ್ರ ಇಳಿಯಿತು.

"ಇವರ ಬಾಯಿ ಮುಚ್ಚಿದೆಯಲ್ಲೋ! ಅಷ್ಟು ಹೇಳಿದ್ನಲ್ಲೋ ನಿಂಗೆ."

"ಆಗ ತೆಗೀಲಿಲ್ಲ ಅಕ್ಕ. ಶಬ್ದ ಆದ್ರೆ ಅವನಿಗೆ ಕೇಳ್ಸಲ್ಲ ಅಂತ..." ತಲೆ ಎತ್ತಲಾಗಲಿಲ್ಲ ಅವನಿಗೆ.

ಪ್ರಹ್ಲಾದ ಅವಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡ. ಚಿತ್ರದಲ್ಲಿ ಮಗನ ತುಟಿ ತೆರೆದಿತ್ತು, ಅಪ್ಪ ಬಾಯಿ ಮುಚ್ಚಿ ಅವನನ್ನೇ ನೋಡುತ್ತಿದ್ದ. ಪ್ರಹ್ಲಾದ ಹೆಂಡತಿಯ ಕಡೆ ತಿರುಗಿ, ಉಳಿದಿದ್ದ ದನಿಯಲ್ಲಿ ಹೇಳಿದ:

"ಇದೇ ಇರ್ಲಿ ಕಣೆ. ಇನ್ಮೇಲೆ ಅವನು ಹೇಳೋದು, ನಾನು ಕೇಳೋದು."