ಎಳ್ಳು ಹಾಕಿ ಕೊಟ್ಟ ಬೂಟು

ನಾನು ಒಂದು ಓಟದ ಬೂಟು. ಎಡಗಾಲಿನದು. ಬಲಗಾಲಿನವನನ್ನು ಅಣ್ಣ ಎನ್ನುತ್ತೇನೆ, ಯಾಕೆಂದರೆ ಈ ದೇಶದಲ್ಲಿ ಬಲಗಾಲಿಗೇ ಮೊದಲ ಮರ್ಯಾದೆ. ಒಂದೇ ದೇಹದ ಎರಡು ಕಾಲುಗಳಲ್ಲೂ ಮೇಲುಕೀಳು ಮಾಡಿಟ್ಟ ಜನ ಇವರು.

ಹುಟ್ಟಿದ್ದು ದೂರದ ಊರಿನ ಒಂದು ತಗಡಿನ ಶೆಡ್ಡಿನಲ್ಲಿ. ಸಾಲಾಗಿ ನಿಂತ ಹೆಂಗಸರು ನನ್ನ ಅಡಿಗೆ ಅಂಟು ಬಳಿದರು, ಒತ್ತಿದರು, ಉಳಿದ ದಾರ ಕತ್ತರಿಸಿದರು. ಅಂಟಿನ ಘಾಟಿಗೆ ಅವರ ತಲೆ ಸಿಡಿಯುತ್ತಿತ್ತು. ನಿಂತು ನಿಂತು ಕಾಲು ಬಾತುಕೊಳ್ಳುತ್ತಿದ್ದವು. ಓಡಲಿಕ್ಕೆಂದು ನನ್ನನ್ನು ಮಾಡಿದವರು ಮೇಸ್ತ್ರಿಯ ಅಪ್ಪಣೆಯಿಲ್ಲದೆ ಮೂತ್ರಕ್ಕೂ ಹೋಗುವಂತಿರಲಿಲ್ಲ. ಅವರೇ ನನ್ನ ಪಕ್ಕೆಗೊಂದು ಕಿತ್ತಳೆ ಬಣ್ಣದ ಪಟ್ಟೆ ಹೊಲಿದು, ತೆಳ್ಳನೆಯ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಮಲಗಿಸಿದರು. ಅಷ್ಟು ಮೆತ್ತಗೆ ಅವರನ್ನು ಯಾರೂ ಮಲಗಿಸಿದ್ದನ್ನು ನಾನು ಕಾಣೆ. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಧಾರವಾಡದ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಮಾಲತಿಬಾಯಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಶ್ರೀಪಾದ ಸರ್ ಅವರ ಹೆಂಡತಿ. ಸಕ್ಕರೆ ಏರಿದೆ, ದಿನಾ ನಡೆಯಿರಿ, ಆಗುವುದಾದರೆ ಸ್ವಲ್ಪ ಓಡಿರಿ ಎಂದು ಡಾಕ್ಟರರು ಹೇಳಿದ್ದರು. ಬಡಾವಣೆಯ ಮೈದಾನದಲ್ಲಿ ಬಾಯಿಯವರು ಮೂರ್ನಾಲ್ಕು ದಿನ ನನ್ನನ್ನು ಹಾಕಿಕೊಂಡು ಓಡಿದರು. ಓಟ ಅಂದರೆ ಓಟವಲ್ಲ, ನೆಗೆದು ನೆಗೆದು ನಡಿಗೆ. ಆದರೂ ಅವರ ಬೆರಳುಗಳು ನನ್ನೊಳಗೆ ಖುಷಿಯಿಂದ ಅರಳಿದ್ದು ನನಗೆ ಗೊತ್ತು. ಒಂದು ದಿನ ಊಟಕ್ಕೆ ಕೂತಾಗ ಸರ್ ನಕ್ಕರು. ಈ ವಯಸ್ಸಿನಲ್ಲಿ ಹೆಂಗಸರು ಓಡುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ, ಮೈದಾನಕ್ಕೆ ಬರುವ ನಮ್ಮ ಸಂಘದವರು ನನ್ನನ್ನು ಚೇಷ್ಟೆ ಮಾಡುತ್ತಾರೆ ಎಂದರು. ಅಷ್ಟಕ್ಕೇ ಬಾಯಿಯವರು ನಿಂತುಬಿಟ್ಟರು. ನಾನು ಮತ್ತು ಅಣ್ಣ ಅಟ್ಟ ಸೇರಿದೆವು. ಒಂದು ನಗೆಗೆ ನಿಲ್ಲುವ ಕಾಲು ಎಂಥ ಕಾಲು ಎಂದು ಬಹಳ ದಿನ ಬೈದುಕೊಂಡೆ. ಆ ನಗು ಎಷ್ಟು ಹಳೆಯದು, ಎಷ್ಟು ಕಾಲುಗಳನ್ನು ನಿಲ್ಲಿಸಿದೆ ಎಂಬುದು ಆಮೇಲೆ ತಿಳಿಯಿತು.

ಮುಂದೆ ಆ ಮನೆಗೆ ಕಷ್ಟಗಳು ಸಾಲುಗಟ್ಟಿದವು. ಸರ್ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡರು. ಬಾಗಿಲ ಮುಂದೆ ನಿಲ್ಲಿಸಿದ್ದ ಸ್ಕೂಟರು ಕಳುವಾಯಿತು. ಪಂಚಾಂಗ ನೋಡುವ ಆಚಾರ್ಯರು ಬಂದು, ಸರ್ ಅವರಿಗೆ ಸಾಡೇಸಾತಿ ಶನಿ ಹಿಡಿದಿದೆ ಎಂದರು. ತೊಟ್ಟ ಪಾದರಕ್ಷೆಯಲ್ಲಿ ಚಿಟಿಕೆ ಕರಿಎಳ್ಳು ಹಾಕಿ ಶನಿವಾರ ಬಡವರಿಗೆ ದಾನ ಕೊಡಬೇಕು, ಅದರ ಜತೆ ಶನಿಯೂ ಹೊರಟುಹೋಗುತ್ತದೆ, ಆದರೆ ಕೊಟ್ಟ ಪಾದರಕ್ಷೆ ಮತ್ತೆ ಕಣ್ಣಿಗೆ ಬೀಳಬಾರದು ಎಂದರು. ಇದೇ ಸರ್ ಮೈದಾನದ ವಾಯುವಿಹಾರ ಸಂಘದ ಅಧ್ಯಕ್ಷರು. ಆಗಾಗ ಅಲ್ಲಿನ ಕಟ್ಟೆಯ ಮೇಲೆ ನಿಂತು ವೈಜ್ಞಾನಿಕ ಮನೋಭಾವದ ಮೇಲೆ ಭಾಷಣ ಬಿಗಿಯುವವರು. ಆಚಾರ್ಯರು ಹೋದಮೇಲೆ ಹೆಂಡತಿಗೆ, ಇದನ್ನು ಸಮಾಜಸೇವೆ ಎಂದು ತಿಳಿದುಕೋ ಎಂದರು. ತಮ್ಮ ಬೂಟು ಕೊಡಲು ಮನಸ್ಸು ಬರಲಿಲ್ಲ. ಹೆಂಡತಿ ಅರ್ಧಾಂಗಿಯಲ್ಲವೆ, ಅವಳದಾದರೂ ನಡೆದೀತು ಎಂದು ಅಟ್ಟದಿಂದ ನಮ್ಮನ್ನು ಇಳಿಸಿದರು.

ಆ ಮನೆಯ ಹಿಂಬಾಗಿಲಿಗೆ ಬಂದು ಭಾಂಡೆ ತಿಕ್ಕುತ್ತಿದ್ದವಳು ಹುಲಿಗೆವ್ವ. ಐವತ್ತು ದಾಟಿದವಳು. ಗಂಡ ತೀರಿದ್ದ. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಶನಿವಾರ ಮಧ್ಯಾಹ್ನ ಮಾಲತಿಬಾಯಿ ನನ್ನ ಮೂತಿಯೊಳಗೆ ಎಳ್ಳು ಉದುರಿಸಿ, ಚೀಲದಲ್ಲಿ ಹಾಕಿ, ಹುಲಿಗೆವ್ವನ ಕೈಗೆ ಮೇಲಿನಿಂದ ಬಿಟ್ಟರು. ಬೆರಳಿಗೆ ಬೆರಳು ತಾಗಬಾರದಲ್ಲ. ಮಗಳಿಗೆ ಆಗುತ್ತವೇನೋ ನೋಡು ಎಂದು ಗೋಡೆಗೆ ಹೇಳುವವರಂತೆ ಹೇಳಿ ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಮನೆಗೆ ಹೋಗಿ ಹುಲಿಗೆವ್ವ ನನ್ನನ್ನು ಬೋರಲು ಹಾಕಿ ಕೊಡವಿದಳು. ಎಳ್ಳು ನೆಲಕ್ಕೆ ಬಿತ್ತು. ಶನಿವಾರ, ಪಾದರಕ್ಷೆ, ಕರಿಎಳ್ಳು. ತಿಳಿಯದಿರಲು ಅವಳೇನು ನಿನ್ನೆ ಹುಟ್ಟಿದವಳೆ? ಕಾಲಿನ ಹೆಬ್ಬೆರಳು ಒಂದೇ ಸಮನೆ ನೆಲ ಕೆರೆಯುತ್ತಿತ್ತು. ಆಮೇಲೆ ನಕ್ಕಳು, ಕೋಳಿಯನ್ನು ಕರೆದಳು.

"ಬಾ ಯವ್ವಾ, ಸರ್ ಅವ್ರ ಶನಿ ಬಂದದ. ತಿನ್ನು."

ಕೋಳಿ ತಿಂದಿತು. ಮರುದಿನ ಎಂದಿನಂತೆ ತತ್ತಿ ಇಟ್ಟಿತು.

ಅವಳು ನನ್ನೊಳಗೆ ಕಾಲಿಟ್ಟಾಗ ಮೊದಲು ಒಡೆದ ಹಿಮ್ಮಡಿ ತಾಗಿತು, ಆಮೇಲೆ ಸೋಪಿನ ನೀರಿಗೆ ಬಿಳಿಚಿಕೊಂಡ ಬೆರಳು. ಆದರೆ ಪಾದದ ನಡುವೆ ಒಂದು ಬಿಲ್ಲಿನಂಥ ಬಾಗು ಇತ್ತು. ಇದು ಓಡಿದ ಕಾಲು ಎಂದು ನನಗೆ ತಕ್ಷಣ ಗೊತ್ತಾಯಿತು.

ಅವಳು ಓಡಿದ್ದು ಶಾಲೆಯಲ್ಲಿ. ಶಾಲೆಗೆ ಹೋಗಲು ಮೇಲಿನ ಓಣಿ ದಾಟಬೇಕಿತ್ತು. ಆ ಓಣಿಯಲ್ಲಿ ಅವರ ಕೇರಿಯವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಯಾರ ಕಣ್ಣೂ ಬೀಳುವ ಮೊದಲೇ ದಾಟಿಬಿಡಬೇಕೆಂದು ಆ ಹುಡುಗಿ ಉಸಿರು ಬಿಗಿಹಿಡಿದು ಓಡುತ್ತಿದ್ದಳು. ಆ ಓಣಿಯೇ ಅವಳಿಗೆ ಓಟ ಕಲಿಸಿತಲ್ಲ, ಒಳ್ಳೆಯದೇ ಆಯಿತು ಎಂದು ಯಾರಾದರೂ ಅಂದರೆ ಅವರ ಬಾಯಿಗೆ ನನ್ನನ್ನೇ ತುರುಕಬೇಕು. ತಾಲ್ಲೂಕಿನ ಆಟೋಟದಲ್ಲಿ ಬರಿಗಾಲಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಆ ವರ್ಷವೇ ಮೈನೆರೆದಳು. ಅಪ್ಪ ಓಟ ಬಿಡಿಸಿ ಕಳೆ ತೆಗೆಯಲು ಕಳಿಸಿದ.

ಈಗ ನಲವತ್ತು ವರ್ಷದ ಮೇಲೆ ಅವಳು ನಸುಕಿನಲ್ಲಿ ಸೀರೆಯ ಕಚ್ಚೆ ಹಾಕಿ ಹೊರಟಾಗ ಮಗಳು ಬಾಗಿಲಿಗೆ ಅಡ್ಡ ನಿಂತು, ಮುದುಕಿ ಆದಮೇಲೆ ಓಡಿ ಎಲ್ಲಿಗೆ ಹೊರಟೆ ಎಂದು ಕೇಳಿದಳು.

"ಎಲ್ಲಿಗೂ ಇಲ್ಲ. ನಳಕ್ಕ ಓಡೇನಿ, ರೇಷನ್ನಿಗೆ ಓಡೇನಿ, ಮಂದಿ ಮನೀಗೆ ಓಡೇನಿ. ಎಲ್ಲಿಗೂ ಅಲ್ಲದ್ದು ಒಂದು ಓಟ ಓಡಬೇಕಾಗೇದ."

ಮೊದಲ ದಿನ ಅವಳ ಮನಸ್ಸು ಹುಡುಗಿಯಾಗಿತ್ತು, ಮೈ ಆಗಿರಲಿಲ್ಲ. ಮೈದಾನದ ಅರ್ಧ ಸುತ್ತಿಗೆ ಮೀನಖಂಡ ಹಿಡಿದುಕೊಂಡಿತು. ಎದೆ ತಿದಿಯಾಯಿತು. ಮರುದಿನ ಬಚ್ಚಲಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂರಲಾರದೆ ನಿಂತೇ ಭಾಂಡೆ ತಿಕ್ಕಿದಳು. ಆದರೂ ಬಿಡಲಿಲ್ಲ. ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ. ಕೆಲವೊಮ್ಮೆ ಓಡುವಾಗ ಎರಡು ಹನಿ ಮೂತ್ರ ಜಾರುತ್ತಿತ್ತು. ಮೂರು ಹೆತ್ತು ಒಂದನ್ನು ಉಳಿಸಿಕೊಂಡ ಮೈ ಅದು. ಒಳಗೊಂದು ಬಟ್ಟೆ ಇಟ್ಟುಕೊಂಡು ಓಡಿದಳು. ದಿನ ಕಳೆದ ಹಾಗೆ ಕಂಬಗಳ ಲೆಕ್ಕ ಮರೆಯಿತು. ಒಂದು ಬೆಳಿಗ್ಗೆ, ಬಾಯಲ್ಲಿ ಏನೋ ಹಾಡು ಗುನುಗುತ್ತಲೇ ಒಂದು ಇಡೀ ಸುತ್ತು ಮುಗಿಸಿಬಿಟ್ಟಳು. ಮುಗಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ನಾನು ಹುಟ್ಟಿದ್ದು ಇದಕ್ಕೇ.

ಅದೇ ಬೆಳಿಗ್ಗೆ, ಸೊಂಟ ಸರಿಹೋಗಿ ಮೈದಾನಕ್ಕೆ ಮರಳಿದ್ದ ಶ್ರೀಪಾದ ಸರ್ ನನ್ನನ್ನು ನೋಡಿದರು. ಕಿತ್ತಳೆ ಪಟ್ಟೆ ಎಂಥ ಮಂಜಿನಲ್ಲೂ ಎದ್ದು ಕಾಣುತ್ತದೆ. ಅವರ ಬಿಳಿ ಬೂಟುಗಳು ಇದ್ದಲ್ಲೇ ನಿಂತವು, ಒಂದು ಹೆಜ್ಜೆ ಹಿಂದೆ ಸರಿದವು. ದಾನ ಕೊಟ್ಟ ಶನಿ ಕಾಣದ ಹಾಗೆ ದೂರ ಹೋಗಬೇಕಿತ್ತು. ಅದು ಹುಲಿಗೆವ್ವನ ಕಾಲೇರಿ ಅವರ ಸುತ್ತಲೇ ಪ್ರದಕ್ಷಿಣೆ ಹಾಕುತ್ತಿತ್ತು. ಅವಳಂಥವಳು ಬೂಟು ಹಾಕಿ ಓಡಿಯಾಳು ಎಂಬುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಮೊದಲು ಹೆಂಡತಿಯನ್ನು ಮುಂದೆ ಬಿಟ್ಟರು. ಬೂಟು ಮಗಳಿಗೆಂದೇ ಕೊಟ್ಟದ್ದು, ಅವಳಿಗೇ ಕೊಟ್ಟುಬಿಡು, ನಿನಗೆ ಬೇರೆ ಕೊಡಿಸುತ್ತೇನೆ ಎಂದರು ಮಾಲತಿಬಾಯಿ. ಅಂದರೆ ಶನಿ ಮಗಳ ಕಾಲಿಗೆ ಹೋಗಲಿ! ಹುಲಿಗೆವ್ವನ ಬೆರಳು ನೆಲವನ್ನು ಗಟ್ಟಿಯಾಗಿ ಒತ್ತಿದವು. ಮಗಳ ಕಾಲು ಸಣ್ಣವು ಎಂದಷ್ಟೇ ಹೇಳಿದಳು. ಆ ವಾರವೇ ಕೆಲಸದಿಂದ ಬಿಡಿಸಿದರು.

ಆಮೇಲೆ ಸರ್ ತಾವೇ ಮೈದಾನದಲ್ಲಿ ಅವಳನ್ನು ತಡೆದರು. ಶನಿಯ ಮಾತೆತ್ತಲಾರರು, ವಿಜ್ಞಾನ ಕಲಿಸಿದವರು. ಸೀರೆಯಲ್ಲಿ ಓಡಿದರೆ ಬೀಳುತ್ತೀ ಎಂದರು. ಧೂಳು ಏಳುತ್ತದೆ, ಸಂಘದ ಹಿರಿಯರಿಗೆ ಕೆಮ್ಮು ಎಂದರು. ಕೊನೆಗೆ, ದಿನವೆಲ್ಲ ಮನೆಗೆಲಸ ಮಾಡುತ್ತೀಯಲ್ಲ, ಅದೇ ವ್ಯಾಯಾಮ, ಮತ್ತೆ ಇಲ್ಲಿ ಯಾಕೆ ಎಂದು ಕೇಳಿದರು.

"ಅದು ನಿಮ್ಮ ಕೆಲಸ್ರೀ ಸರ್" ಎಂದಳು ಹುಲಿಗೆವ್ವ. "ಇದು ನನ್ನ ಓಟ."

ಎರಡು ದಿನದಲ್ಲಿ ಕಾವಲುಗಾರ ಫಕೀರಪ್ಪನಿಗೆ ಅಪ್ಪಣೆಯಾಯಿತು. ಬೆಳಗಿನ ಹೊತ್ತು ಸಂಘದವರಿಗೆ ಮಾತ್ರ ಗೇಟು. ನಗರದ ಮೈದಾನ, ಎಲ್ಲರ ತೆರಿಗೆಯಲ್ಲಿ ಹಾಕಿಸಿದ ಕಂಬ, ದೀಪ, ಕಲ್ಲುಬೆಂಚು. ಅದಕ್ಕೆ ಹತ್ತಾರು ಜನ ನಿವೃತ್ತರು ಸೇರಿ ಬೀಗ! ಹುಲಿಗೆವ್ವ ಗೇಟಿನ ಹೊರಗೆ ನಿಂತಳು. ಅವಳಿಗೆ ಬೇರೆ ಹೊತ್ತಿಲ್ಲ. ಬೆಳಕು ಹರಿದರೆ ಉಳಿದ ಮೂರು ಮನೆಯ ಭಾಂಡೆ ಕಾಯುತ್ತಿರುತ್ತವೆ. ಇಲ್ಲಿ ಓಟ ನಿಂತರೆ ಮತ್ತೆ ಹುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು. ಒಮ್ಮೆ ಹಾಗೆ ನಿಂತಿತ್ತಲ್ಲ.

ಮರುದಿನ ಬಂದು ಅವಳು ಫಕೀರಪ್ಪನ ಮುಖ ನೋಡಿದಳು. ಅವನು, ನನ್ನ ನೌಕರಿ ತೆಗೀಬ್ಯಾಡ ಯಕ್ಕಾ ಎಂದು ಗೊಣಗಿ, ಬೀಡಿ ಹಚ್ಚಲು ಗೋಡೆಯ ಕಡೆ ತಿರುಗಿದ. ಗೇಟಿಗೆ ಚಿಲಕ ಹಾಕಿರಲಿಲ್ಲ.

ಒಳಗೆ ಸಂಘದವರು ಗುಂಡಾಗಿ ನಿಂತು ನಗುವ ವ್ಯಾಯಾಮ ಮಾಡುತ್ತಿದ್ದರು. ಕೈ ಮೇಲೆತ್ತಿ ಹೋ ಹೋ ಎನ್ನುವುದು, ಇಳಿಸಿ ಹಾ ಹಾ ಎನ್ನುವುದು. ಕಿತ್ತಳೆ ಪಟ್ಟೆ ಕಂಡದ್ದೇ ಸರ್ ಅವರ ಹಾ ಹಾ ಅರ್ಧಕ್ಕೇ ನಿಂತಿತು. ಹೊರಗಿನವರು ಬರುವಂತಿಲ್ಲ, ಹೇಳಿಲ್ಲವೆ ಎಂದು ಗುಡುಗಿದರು. ಬೆಂಚಿನ ಮೇಲೆ ಕೂತಿದ್ದ ಮಾಲತಿಬಾಯಿ ತಲೆ ತಗ್ಗಿಸಿದರು.

"ಯಾಕ ಬರಬಾರ್ದು ಅಂತ ನಾ ಹೇಳ್ಲೇನ್ರಿ ಸರ್?" ಹುಲಿಗೆವ್ವ ದನಿ ಏರಿಸಲಿಲ್ಲ. "ನಿಮಗ ಶನಿ ಹಿಡಿದಿತ್ತು. ಎಳ್ಳು ಹಾಕಿ ಈ ಬೂಟಿನಾಗ ನನಗ ಕೊಟ್ರಿ. ಶನಿ ಇಟಗೋ, ಕಣ್ಣಿಗೆ ಮಾತ್ರ ಬೀಳಬ್ಯಾಡ ಅಂದ್ರ ಹ್ಯಾಂಗ?"

ಈಗ ಎಲ್ಲರೂ ಸರ್ ಅವರನ್ನು ನೋಡಿ ನಗುತ್ತಾರೆ ಎಂದುಕೊಂಡೆ. ನಗಲೆಂದೇ ಅಲ್ಲಿ ಸೇರಿದವರು. ಒಬ್ಬರೂ ನಗಲಿಲ್ಲ. ಒಬ್ಬರು ನಿವೃತ್ತ ಸರ್ಜನ್, ಒಬ್ಬರು ಇಂಜಿನಿಯರು, ಒಬ್ಬರು ವಕೀಲರು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಎಲ್ಲರ ಬೂಟುಗಳೂ ಹಿಂದೆ ಸರಿದವು. ಗುಂಪು ಎರಡಾಗಿ ಒಡೆದು ನಡುವೆ ಅಗಲವಾದ ದಾರಿಯಾಯಿತು.

ದಾರಿ ಸಿಕ್ಕಿತು ಎಂದು ನಾನು ಹಿಗ್ಗಿದೆ. ಓಡು ಎಂದೆ. ಅವಳ ಕಾಲು ಅಲುಗಲಿಲ್ಲ. ಆ ದಾರಿಯನ್ನು ಅವಳು ಬಲ್ಲಳು. ಅವಳ ಅಜ್ಜಿ ನೀರಿಗೆ ಹೋದರೆ, ಅಪ್ಪ ಸತ್ತ ದನ ಹೊತ್ತು ಬಂದರೆ ಜನ ಹೀಗೇ ದಾರಿ ಬಿಡುತ್ತಿದ್ದರು. ಮರ್ಯಾದೆಗೆ ಬಿಟ್ಟದ್ದಲ್ಲ ಅದು, ಮೈಲಿಗೆಗೆ ಬಿಟ್ಟದ್ದು.

ಹುಲಿಗೆವ್ವ ಬಗ್ಗಿ ಲೇಸು ಬಿಚ್ಚಿದಳು. ಅಣ್ಣನನ್ನೂ ನನ್ನನ್ನೂ ಸರ್ ಅವರ ಬಿಳಿ ಬೂಟುಗಳ ಮುಂದೆ ಜೋಡಿಸಿಟ್ಟಳು.

"ತಗೋರಿ, ನಿಮ್ಮದು ನಿಮಗ ಮುಟ್ಟಿತು. ಈಗ ಶನಿ ಇಲ್ಲ. ಬರೀ ಹುಲಿಗೆವ್ವ ಅದಾಳ. ಈಗ ಹೇಳ್ರಿ, ಯಾಕ ಓಡಬಾರ್ದು?"

ಸರ್ ಬಾಯಿ ತೆರೆದರು. ಸೀರೆ, ಧೂಳು, ಸಂಘ, ಯಾವುದೂ ಹೊರಗೆ ಬರಲಿಲ್ಲ. ನಿಜವಾಗಿ ಇದ್ದ ಒಂದೇ ಕಾರಣವನ್ನು ಇಷ್ಟು ಬೆಳಕಿನಲ್ಲಿ, ಇಷ್ಟು ಜನರ ಮುಂದೆ ಆಡುವಂತಿರಲಿಲ್ಲ. ಅವಳು ಓಡಿದಳು. ಬರಿಗಾಲಲ್ಲಿ, ಕಲ್ಲು ಮುಳ್ಳಿನ ಮೇಲೆ. ಎರಡನೆಯ ತಿರುವಿನಲ್ಲಿ ಎಡಗಾಲು ಕುಂಟಿತು. ಅಲ್ಲಿ ನಾನು ಇರಬೇಕಿತ್ತು. ನನ್ನ ಸಿಟ್ಟಿನಲ್ಲೆಲ್ಲ ದೊಡ್ಡ ಸಿಟ್ಟು ಇದು. ಆ ಮೊಣಕಾಲಿಗೆ ನನ್ನ ಮೆತ್ತೆ ಬೇಕಿತ್ತು. ಮೆತ್ತೆಯೋ ಮಾನವೋ, ಒಂದನ್ನೇ ಆರಿಸಿಕೋ ಎಂಬ ಸ್ಥಿತಿಗೆ ಒಬ್ಬ ಹೆಂಗಸನ್ನು ತಂದು ನಿಲ್ಲಿಸಿದವರಿಗೆ ನಾಚಿಕೆಯೂ ಆಗಲಿಲ್ಲ.

ಅಂದಿನಿಂದ ಗೇಟಿನ ನಿಯಮದ ಮಾತು ಯಾರೂ ಆಡಲಿಲ್ಲ. ಅದು ರದ್ದಾಯಿತೆಂದೂ ಯಾರೂ ಹೇಳಲಿಲ್ಲ. ನಮ್ಮನ್ನು ಮುಟ್ಟಲು ಒಬ್ಬರಿಗೂ ಧೈರ್ಯವಾಗಲಿಲ್ಲ. ಸೂರ್ಯನ ದೂರ ಅಳೆದು ಹೇಳಿದವರು ಎರಡು ಹಳೆಯ ಬೂಟನ್ನು ಸುತ್ತಿ ಬಳಸಿ ನಡೆದರು. ಕೊನೆಗೆ ಸರ್ ಹೇಳಿದ್ದಕ್ಕೆ ಫಕೀರಪ್ಪ ನಮ್ಮನ್ನು ಎತ್ತಿ ನೀರಿನ ತೊಟ್ಟಿಯ ಹಿಂದಿನ ಮೂಲೆಯಲ್ಲಿಟ್ಟ. ಬರಿಗೈಯಲ್ಲೇ ಎತ್ತಿದ. ಅವನಿಗೆ ಏನೂ ಆಗಲಿಲ್ಲ.

ಮೂರು ಮಳೆಗಾಲ ಕಂಡಿದ್ದೇನೆ. ಪಟ್ಟೆಯ ಬಣ್ಣ ಹೋಗಿದೆ. ನನ್ನೊಳಗೊಂದು ಕಪ್ಪೆ ಸಂಸಾರ ಹೂಡಿದೆ. ಹುಲಿಗೆವ್ವ ಸಂತೆಯಲ್ಲಿ ಕೊಂಡ ತೆಳು ಕ್ಯಾನ್ವಾಸು ಹಾಕಿ ಬರುತ್ತಾಳೆ. ಅಡಿ ಗಟ್ಟಿಯಿಲ್ಲ, ಒಂದು ಸುತ್ತಿಗೊಮ್ಮೆ ನಿಂತು ಮೊಣಕಾಲು ನೀವಿಕೊಳ್ಳುತ್ತಾಳೆ, ಮತ್ತೆ ಓಡುತ್ತಾಳೆ. ಮಾಲತಿಬಾಯಿ ಬೆಂಚಿನ ಮೇಲೆ ಕೂತು ನೋಡುತ್ತಾರೆ. ಅವರ ಚಪ್ಪಲಿಯ ತುದಿ ನೆಲಕ್ಕೆ ತಾಳ ಹಾಕುತ್ತಿರುತ್ತದೆ. ಎದ್ದದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ಶ್ರೀಪಾದ ಸರ್ ದಾರಿಯ ನಡುವೆಯೇ ನಡೆಯುತ್ತಾರೆ. ಹಿಂದಿನಿಂದ ಅವಳ ದನಿ ಬರುತ್ತದೆ, "ಸರ್, ಸ್ವಲ್ಪ ಬಾಜೂಕ ಸರೀರಿ." ಅವರು ಸರಿಯುತ್ತಾರೆ. ಅಂಜಿ ಸರಿಯುತ್ತಾರೋ, ಅಸಹ್ಯಪಟ್ಟು ಸರಿಯುತ್ತಾರೋ, ಓಡುವವರಿಗೆ ದಾರಿ ಬಿಡುವುದು ರೀತಿ ಎಂದು ಸರಿಯುತ್ತಾರೋ, ಈ ಮೂಲೆಯಿಂದ ನನಗೆ ಕಾಣುವುದಿಲ್ಲ. ಹುಲಿಗೆವ್ವನಿಗೆ ಅದನ್ನು ಯೋಚಿಸುವಷ್ಟು ಪುರುಸೊತ್ತಿಲ್ಲ, ಅವಳು ಮುಂದೆ ಹೋಗಿರುತ್ತಾಳೆ. ನನಗೆ ಪುರುಸೊತ್ತು ಬೇಕಾದಷ್ಟಿದೆ. ರಬ್ಬರು ಅಷ್ಟು ಸುಲಭವಾಗಿ ಕೊಳೆಯುವುದಿಲ್ಲ. ಅಲ್ಲಿಯವರೆಗೂ ನಾನು ಸಿಟ್ಟಾಗಿಯೇ ಇರುತ್ತೇನೆ.