ಮೇ ತಿಂಗಳವರೆಗೆ

"ಈ ಅಂಗಡಿಗೆ ಕಟಿಂಗ್ ಮಾಸ್ಟರ್ ಅನ್ನೋ ಖರ್ಚೇ ಬೇಡ ಸರ್," ಎಂದ ಮಗ, ಅಪ್ಪ ಬಟ್ಟೆ ಕತ್ತರಿಸುವ ಮೇಜಿಗೇ ಒರಗಿಕೊಂಡು.

ಮಾಸ್ಟರ್ ಕತ್ತರಿ ಹಿಡಿದವರು ಹಿಡಿದ ಹಾಗೇ ನಿಂತರು. ತಾವು ಕೇಳಿದ್ದು ಸರಿಯೇ ಎಂದು ಹೊಲಿಗೆಯವರತ್ತ ನೋಡಿದರೆ, ಅವರೆಲ್ಲ ಮಿಷನ್ನಿನೊಳಗೆ ಮುಖ ಹುದುಗಿಸಿಕೊಂಡಿದ್ದರು. ಯಜಮಾನರು ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡು, "ಮುಂದೆ ಹೇಳಪ್ಪ," ಎಂದರು.

ಮಗ ಎಂಬಿಎ ಓದುತ್ತಿದ್ದ. ಓದು ಎಂದರೆ ಪುಕ್ಕಟೆ ಬರುತ್ತದೆಯೇ? ಮನೆಯವರು ಹೊಟ್ಟೆಬಟ್ಟೆ ಕಟ್ಟಿ ಓದಿಸಿದ್ದರು. ತಾಯಿಯ ಬಳೆ ಫೀಸಿನ ಮೊದಲನೇ ಕಂತಿಗೆ ಹೋಯಿತು. ಮಾಸ್ಟರ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು. ಭಾನುವಾರದ ರಜೆ ಹೋದದ್ದಂತೂ ಯಾರಿಗೂ ಗೊತ್ತೇ ಆಗಲಿಲ್ಲ. ಈಗ ಕಡೆಯ ಪ್ರಾಜೆಕ್ಟಿಗೆ ಯಾವುದಾದರೊಂದು ವ್ಯಾಪಾರ ನೋಡಿ ಖರ್ಚು ಉಳಿಸುವ ದಾರಿ ಹೇಳಬೇಕಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಯಜಮಾನರ ಕೈಕಾಲು ಹಿಡಿದು ಒಪ್ಪಿಸಿದವರು ಮಾಸ್ಟರೇ. ಒಂದು ಪ್ಯಾಂಟು ಕತ್ತರಿಸಲು ಎಷ್ಟು ಹೊತ್ತು, ಎಷ್ಟು ಬಟ್ಟೆ ದಂಡ ಎಂದು ಮಗ ಊಟದ ಹೊತ್ತಿನಲ್ಲಿ ಕೇಳಿದ್ದಕ್ಕೆಲ್ಲ, ಅಂತೂ ಇವನಿಗೆ ನನ್ನ ಕೆಲಸ ಕಣ್ಣಿಗೆ ಬಿತ್ತಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿ ಉತ್ತರ ಕೊಟ್ಟಿದ್ದರು.

"ಕತ್ತರಿಸಿ ಕೊಡೋ ಕಾರ್ಖಾನೆಗಳಿವೆ ಸರ್. ಅಳತೆ ಕಳಿಸಿದ್ರೆ ಮುಗೀತು. ಖರ್ಚು ಅರ್ಧಕ್ಕರ್ಧ."

ಯಜಮಾನರು ಎದ್ದು ಬಂದು ಬೆನ್ನು ತಟ್ಟಿದರು. ತಟ್ಟಿದ್ದು ಮಗನ ಬೆನ್ನನ್ನು. "ಮಾಸ್ಟರೇ, ನಿಮ್ಮ ಹುಡುಗ ಬಲೇ ಚುರುಕು ಕಣ್ರೀ. ಹಾಗಾದ್ರೆ ಈ ತಿಂಗಳಿಂದಲೇ ಶುರುಮಾಡಿಬಿಡೋಣ."

"ಬೇಡ ಸರ್," ಎಂದ ಮಗ ತಟ್ಟನೆ. "ಮೇ ತಿಂಗಳವರೆಗೆ ಅಪ್ಪ ಇರಲಿ."

ಮಾಸ್ಟರ್ ಕತ್ತರಿ ಕೆಳಗಿಟ್ಟರು. ಏನೇ ಆಗಲಿ, ಕರುಳು ಕರುಳೇ. ಯಜಮಾನರು ಹೂಂ ಎಂದು ಹೊರಗೆ ಹೋದದ್ದೇ ತಡ, ಮಾಸ್ಟರ್ ಮಗನ ತೋಳು ಹಿಡಿದುಕೊಂಡರು.

"ಅಷ್ಟಾದ್ರೂ ಅಂದ್ಯಲ್ಲ ಮಗಾ. ನಿನಗೆ ನನ್ನ ಮೇಲೆ..."

"ಮೇನಲ್ಲಿ ಕೊನೇ ಕಂತು ಕಟ್ಟಬೇಕಲ್ಲಪ್ಪ," ಎಂದ ಮಗ, ಮೊಬೈಲಿನಿಂದ ಕಣ್ಣೆತ್ತದೆ. "ಅದಾದ ಮೇಲೆ ತೊಂದ್ರೆ ಇಲ್ಲ."

ತೋಳು ಬಿಡಿಸಿಕೊಂಡು ಹೊರಟೇಹೋದ. ಹೊಲಿಗೆಯವರು ಒಬ್ಬೊಬ್ಬರಾಗಿ ಮಿಷನ್ ತುಳಿಯತೊಡಗಿದರು. ಮಾಸ್ಟರ್ ಮೇಜಿನ ಮೇಲೆ ಬಟ್ಟೆ ಹರವಿ, ಅಂಗೈಯಲ್ಲಿ ಸುಕ್ಕು ಸವರಿ, ಸೀಮೆಸುಣ್ಣ ಇಟ್ಟರು. ಯಾರ ಅಳತೆ ಎಂಬುದು ನೆನಪಿಗೆ ಬರಲಿಲ್ಲ.