ಕೊನೆಯ ಪುಟದ ಅಡಿಸಾಲು

ಕಾಗದ ದುಬಾರಿಯಾಗಿ ನಮ್ಮ ವಾರಪತ್ರಿಕೆ ಅರ್ಧ ಗಾತ್ರಕ್ಕಿಳಿದಿತ್ತು. ಹರಡಿದರೆ ಮಂಚ ತುಂಬುತ್ತಿದ್ದ ಹಾಳೆ ಈಗ ತಟ್ಟೆಯ ಪಕ್ಕ ಇಟ್ಟುಕೊಂಡು ಓದುವಷ್ಟಾಗಿತ್ತು. ಗಂಡನಿಗೆ ರಾತ್ರಿಯ ಊಟ ಕೊಡಲು ಮುದ್ರಣಾಲಯಕ್ಕೆ ಹೋದವಳು ಹೊಸ ಗಾತ್ರ ಹೇಗಿದೆಯೆಂದು ಪ್ರೂಫ್ ತಿರುವಿದೆ. ಕೊನೆಯ ಪುಟದ ಅಡಿಯಲ್ಲಿ ನನ್ನ ಹೆಸರು ಕಣ್ಣಿಗೆ ರಾಚಿತು. ಸಂಪಾದಕರು, ಮುದ್ರಕರು, ಪ್ರಕಾಶಕರು, ಮೂರೂ ನಾನೇ. ದೊಡ್ಡ ಹಾಳೆಯ ಮೂಲೆಯಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ, ನಾನೂ.

ಪ್ರತಿ ಸಂಚಿಕೆಯಲ್ಲೂ ಹೊಣೆ ಹೊತ್ತವರ ಹೆಸರು ಇರಬೇಕೆಂದು ಕಾನೂನು. ಗಂಡ ಸರ್ಕಾರಿ ನೌಕರರು, ಅವರ ಹೆಸರು ಹಾಕುವಂತಿಲ್ಲ. "ಸುಮ್ನೆ ಹೆಸರಿಗೆ" ಎಂದು ಅಧಿಕಾರಿಯ ಮುಂದೆ ಘೋಷಣಾ ಪತ್ರಕ್ಕೆ ನನ್ನಿಂದ ಸಹಿ ಹಾಕಿಸಿದ್ದರು. ಬರೆಯುವುದು, ತಿದ್ದುವುದು, ಶಹಭಾಸ್ ಅನ್ನಿಸಿಕೊಳ್ಳುವುದು ಎಲ್ಲ ಅವರದೇ. ಊಟದ ಕ್ಯಾರಿಯರ್ ಹೊರುವುದು ನನ್ನ ಪಾಲು.

ಮೊದಲ ಪುಟದಲ್ಲಿ, ಊರಿನ ನೀರಿನ ಟ್ಯಾಂಕ್ ಕಟ್ಟಿದ ಕಾಂಟ್ರಾಕ್ಟರನನ್ನು ಕಳ್ಳ ಎಂದೇ ಬರೆದಿದ್ದರು.

"ಅವನು ಕೇಸು ಹಾಕಿದ್ರೆ?" ಎಂದೆ.

"ಹಾಕ್ಲಿ ಬಿಡು, ನಾನು ಯಾರಿಗೂ ಹೆದರಲ್ಲ," ಎಂದರು ಗಂಡ, ಕ್ಯಾರಿಯರ್ ಬಿಚ್ಚುತ್ತಾ.

"ಕೋರ್ಟಿಗೆ ಹೋಗೋದು ಯಾರು?"

ಅವರು ತುತ್ತು ಬಾಯಿಗಿಟ್ಟರು. ಮೆಷಿನ್ ನೋಡಿಕೊಳ್ಳುವ ಮೈದುನ ಮೆಲ್ಲಗೆ, "ಹೆಸರಿರೋರೇ ಹೋಗ್ಬೇಕು ಅತ್ತಿಗೆ," ಎಂದ.

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಇವರ ಶೌರ್ಯ! ಹೆಸರು ತೆಗೆಸೋಣವೆಂದರೆ ಮತ್ತೆ ಹೊಸದಾಗಿ ಘೋಷಣೆ ಸಲ್ಲಿಸಬೇಕು, ಅಲ್ಲಿಯವರೆಗೆ ಪತ್ರಿಕೆಯೇ ನಿಲ್ಲುತ್ತದೆ ಎಂದ ಮೈದುನ. ಕೂತಲ್ಲಿ ಕೂರಲಾಗದೆ ಬಾಗಿಲಿಗೂ ಮೆಷಿನ್ನಿಗೂ ಅಡ್ಡಾಡಿದೆ. ಅಡ್ಡಾಡುತ್ತಲೇ ವರದಿಯನ್ನು ಪೂರ್ತಿ ಓದಿದೆ. ಟ್ಯಾಂಕ್ ಬಿರುಕು ಬಿಟ್ಟದ್ದು ನಿಜ, ನಾನೇ ಕಣ್ಣಾರೆ ಕಂಡಿದ್ದೆ. ಬೈಗುಳ ಬಿಟ್ಟರೆ ವರದಿ ಗಟ್ಟಿಯಾಗಿಯೇ ಇತ್ತು. ಆದರೆ ಕಾಂಟ್ರಾಕ್ಟರನ ಕಡೆಯ ಮಾತು ಒಂದು ಸಾಲೂ ಇರಲಿಲ್ಲ.

"ಅವನನ್ನ ಒಂದು ಮಾತು ಕೇಳಿದ್ರಾ?"

"ಕಳ್ಳನ್ನ ಏನು ಕೇಳೋದು?"

"ಹಾಗಾದ್ರೆ ಇದು ಅಚ್ಚಾಗಲ್ಲ."

ಗಂಡ ನಕ್ಕರು. ಮೈದುನ ಮಾತ್ರ ಮೆಷಿನ್ನಿನ ಸ್ವಿಚ್ಚಿನ ಮೇಲಿಟ್ಟ ಕೈ ತೆಗೆದ. ಮದುವೆಯಾದಾಗಿನಿಂದ ನನ್ನ ಮಾತಿಗೆ ಯಾವುದಾದರೂ ಕೆಲಸ ಹೀಗೆ ನಿಂತದ್ದು ನೆನಪಿಲ್ಲ.

'ಕಳ್ಳ' ಎಂಬುದನ್ನು ಹೊಡೆದುಹಾಕಿ, ಗಂಡನ ಫೋನ್ ತೆಗೆದುಕೊಂಡು ಕಾಂಟ್ರಾಕ್ಟರನಿಗೆ ಮಾಡಿದೆ. ಪತ್ರಿಕೆಯಿಂದ ಎಂದು ಹೇಳಿ ಬಿರುಕಿನ ಬಗ್ಗೆ ಕೇಳಿದೆ.

"ನಿಮ್ಮ ಹತ್ರ ಏನಮ್ಮ ಮಾತು? ಸಂಪಾದಕರಿಗೆ ಕೊಡಿ," ಎಂದ.

ಗಂಡ ಎಂಜಲು ಕೈ ಒರೆಸಿಕೊಂಡು ಫೋನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಸಂಪಾದಕರೇ ಮಾತಾಡ್ತಿರೋದು. ಹೇಳಿ, ಬರ್ಕೋತೀನಿ," ಎಂದೆ. ಪೆನ್ನನ್ನು ಪ್ರೂಫಿನ ಅಂಚಿಗಿಟ್ಟೆ.